ಒಂದೇ ಗುಳಿಗೆ, ಮೂರು ಅಂಗಡಿ, ಮೂರು ರೇಟು: ಹುಬ್ಬಳ್ಳಿ-ಧಾರವಾಡದವರು ಏನು ಮಾಡುತ್ತಿದ್ದೀರಿ?

ಉಣಕಲ್ ಕೆರೆ ದಂಡೆ

ಎಲ್ಲರಿಗೂ ನಮಸ್ಕಾರ. ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ, ಮಾತು ಸ್ವಲ್ಪ ಖಾರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವ್ವನಿಗೆ ಶುಗರ್, ಬಿಪಿ ಎರಡೂ ಇವೆ. ಈ ವರ್ಷ ಹೃದಯಕ್ಕೆ ಒಂದು, ಕೊಲೆಸ್ಟ್ರಾಲಿಗೆ ಒಂದು ಗುಳಿಗೆ ಸೇರಿದೆ. ನಮ್ಮ ಮನೆಯ ಔಷಧಿ ಖರ್ಚು ಈಗ ಕಿರಾಣಿ ಖರ್ಚನ್ನು ದಾಟಿದೆ. ನಾನು ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮೊದಲು ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಇತ್ತು, ಅವ್ವನ ಗುಳಿಗೆ ಅಲ್ಲೇ ಸಿಗುತ್ತಿದ್ದವು. ಸಂಬಳ 21,000 ದಾಟಿತು, ಇಎಸ್‌ಐ ಹೋಯಿತು. ಸಂಬಳ ಹೆಚ್ಚಾದದ್ದಕ್ಕಿಂತ ಔಷಧಿಗೆ ಹೋಗುವ ದುಡ್ಡೇ ಜಾಸ್ತಿ. ಇದಕ್ಕೆ ಬಡ್ತಿ ಅನ್ನಬೇಕೋ ಏನನ್ನಬೇಕೋ ಗೊತ್ತಾಗುತ್ತಿಲ್ಲ.

ನನ್ನ ತಕರಾರು ಇದು. ಡಾಕ್ಟರ್ ಬರೆದ ಬ್ರ್ಯಾಂಡ್ ಆ ದವಾಖಾನೆಯ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಮಾತ್ರ ಸಿಗುತ್ತದೆ. ಕೊಪ್ಪೀಕರ್ ರಸ್ತೆಯಲ್ಲಿ ಕೇಳಿದೆ, ದುರ್ಗದಬೈಲಿನಲ್ಲಿ ಕೇಳಿದೆ. ಆ ಹೆಸರನ್ನೇ ಕೇಳಿಲ್ಲ ಎಂದರು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧಿ ಹೆಸರು ಓದಿ ಹೇಳಿದ ಮೇಲೆ ಒಬ್ಬರು ಬೇರೆ ಕಂಪನಿಯದನ್ನು ತೋರಿಸಿದರು. ರೇಟು ಅರ್ಧಕ್ಕಿಂತ ಕಡಿಮೆ. ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಯಲ್ಲಿ ಅದಕ್ಕಿಂತಲೂ ಕಡಿಮೆ. ಅದೇ ಔಷಧಿ, ಅಷ್ಟೇ ಮಿಲಿಗ್ರಾಂ.

ಹಾಗಾದರೆ ಇದರ ನಿಜವಾದ ಬೆಲೆ ಯಾವುದು? ಇಷ್ಟು ದಿನ ನಾವು ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು? ಬಲ್ಲವರು ಹೇಳಿ.

ಕೇಶ್ವಾಪುರದವ

ದವಾಖಾನೆ ಹೆಸರು ಹಾಕಿ. ಉಳಿದವರಾದರೂ ಹುಷಾರಾಗಲಿ.

ನಿರ್ವಾಹಕ

ಹೆಸರು ಬೇಡ. ದವಾಖಾನೆ, ಡಾಕ್ಟರ್, ಅಂಗಡಿ ಯಾವುದರ ಹೆಸರನ್ನೂ ಇಲ್ಲಿ ಹಾಕಬೇಡಿ. ದೂರು ಇದ್ದರೆ ಅದಕ್ಕೆ ಬೇರೆ ಜಾಗವಿದೆ. ವಿಷಯ ಒಳ್ಳೆಯದಿದೆ, ಮುಂದುವರಿಸಿ.

ಮೆಡಿಕಲ್ ಶಾಪ್ ಕಾಕಾ

ತಮ್ಮಾ, ನಿನ್ನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಕೂದಲು ಬೆಳ್ಳಗಾಗುವವರೆಗೂ ಔಷಧಿ ಅಂಗಡಿಯ ಕೌಂಟರ್ ಹಿಂದೆಯೇ ನಿಂತವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ, ಹಾಗಾಗಿ ಬಾಯಿ ಬಿಟ್ಟು ಹೇಳಬಹುದು.

ಮೊದಲು ಕಾನೂನು. ಜೀವನಾವಶ್ಯಕ ಔಷಧಿಗಳ ರಾಷ್ಟ್ರೀಯ ಪಟ್ಟಿ ಅಂತ ಒಂದಿದೆ. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಇವುಗಳಿಗೆ ಎನ್‌ಪಿಪಿಎ ಎಂಬ ಕೇಂದ್ರದ ಸಂಸ್ಥೆ ಗರಿಷ್ಠ ದರ ಕಟ್ಟುತ್ತದೆ. ಅದಕ್ಕಿಂತ ಒಂದು ಪೈಸೆ ಜಾಸ್ತಿಗೆ ಮಾರುವಂತಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ದರ ಹೇಗೆ ಕಟ್ಟುತ್ತಾರೆ ನೋಡು. ದರ ನಿಯಂತ್ರಣದ 1995ರ ಆದೇಶದಲ್ಲಿ ಔಷಧಿ ತಯಾರಿಸಲು ಎಷ್ಟು ಖರ್ಚಾಯಿತು ಎಂಬುದರ ಮೇಲೆ ಲೆಕ್ಕ ಹಾಕುತ್ತಿದ್ದರು. 2013ರ ಆದೇಶ ಬಂದ ಮೇಲೆ ಅದು ಹೋಯಿತು. ಈಗ ಮಾರುಕಟ್ಟೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಇಲ್ಲದಷ್ಟು ಪಾಲು ಇರುವ ಎಲ್ಲ ಬ್ರ್ಯಾಂಡ್‌ಗಳ ದರ ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಅದರ ಮೇಲೆ ಅಂಗಡಿಯವನಿಗೆ ಶೇಕಡಾ 16 ಸೇರಿಸುತ್ತಾರೆ. ಅಂದರೆ ದೊಡ್ಡ ಕಂಪನಿಗಳು ಮೊದಲೇ ಜಾಸ್ತಿ ದರ ಇಟ್ಟಿದ್ದರೆ ಸರಾಸರಿಯೂ ಮೇಲೇ ಇರುತ್ತದೆ. ತಯಾರಿಕೆಗೆ ನಿಜಕ್ಕೂ ಎಷ್ಟು ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಇದು ಪಟ್ಟಿಯ ಒಳಗಿನ ಕಥೆ. ಪಟ್ಟಿಯ ಹೊರಗಿನ ಔಷಧಿಗೆ ಗರಿಷ್ಠ ದರವೇ ಇಲ್ಲ. ಕಂಪನಿ ತನಗೆ ಬೇಕಾದ ಎಂಆರ್‌ಪಿ ಹಾಕಿ ಶುರು ಮಾಡಬಹುದು. ಆಮೇಲೆ ವರ್ಷಕ್ಕೆ ಶೇಕಡಾ 10ರವರೆಗೆ ಏರಿಸುತ್ತಾ ಹೋಗಬಹುದು. ಪಟ್ಟಿಯಲ್ಲಿ ಬಹುತೇಕ ಒಂಟಿ ಔಷಧಿಗಳಿವೆ. ಎರಡು ಮೂರು ಸೇರಿಸಿ ಮಾಡಿದ ಕಾಂಬಿನೇಷನ್ ಗುಳಿಗೆಗಳು ಜಾಸ್ತಿ ಹೊರಗೇ ಉಳಿಯುತ್ತವೆ. ನಿಮ್ಮ ಅವ್ವನ ಚೀಟಿ ತೆಗೆದು ನೋಡು, ಅದರಲ್ಲಿ ಎಷ್ಟು ಕಾಂಬಿನೇಷನ್ ಇವೆ ಅಂತ.

ಈಗ ನೀನು ಹೇಳಿದ "ಕೆಳಗಿನ ಅಂಗಡಿ"ಯ ಬ್ರ್ಯಾಂಡ್. ಬದ್ದಿ ಕಡೆ, ಅಂದರೆ ಹಿಮಾಚಲದಲ್ಲಿ, ಬೇರೆಯವರ ಹೆಸರಿಗೆ ಗುಳಿಗೆ ಮಾಡಿಕೊಡುವ ಕಾರ್ಖಾನೆಗಳು ಬಹಳ ಇವೆ. ಹೆಸರು ನಿನ್ನದು, ಪೊಟ್ಟಣ ನಿನ್ನದು, ಎಂಆರ್‌ಪಿಯೂ ನೀನು ಹೇಳಿದ್ದೇ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಹದಿನೈದು ರೂಪಾಯಿಗೆ ಅಂಗಡಿಗೆ ಬಂದ ಸ್ಟ್ರಿಪ್ ಮೇಲೆ ನೂರು ಅಂತ ಅಚ್ಚಾಗಿರುತ್ತದೆ. ನಡುವಿನ ಎಂಬತ್ತೈದರಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಎಂಬುದೇ ಆ ಧಂದೆ. ನೂರಕ್ಕೆ ಮಾರಿದರೆ ಅದು ಕಾನೂನು ಮುರಿದಂತೆಯೂ ಅಲ್ಲ, ಎಂಆರ್‌ಪಿಗೇ ಮಾರಿದ್ದಾರಲ್ಲ.

ಬ್ಯಾಡಗಿ ಎಪಿಎಂಸಿಗೆ ಮೆಣಸಿನಕಾಯಿ ಚೀಲ ಜಾಸ್ತಿ ಬಂದರೆ ದರ ಬೀಳುತ್ತದೆ. ಔಷಧಿಯಲ್ಲಿ ಉಲ್ಟಾ. ಒಂದೇ ಔಷಧಿಗೆ ಬ್ರ್ಯಾಂಡ್ ಹೆಚ್ಚಾದರೂ ಎಷ್ಟೋ ಸಲ ಎಂಆರ್‌ಪಿ ಏರುತ್ತದೆ. ಯಾಕೆಂದರೆ ಕಂಪನಿಗಳ ಪೈಪೋಟಿ ರೋಗಿಯನ್ನು ಒಲಿಸಿಕೊಳ್ಳಲು ಅಲ್ಲ. ಬರೆಯುವವನನ್ನು, ಮಾರುವವನನ್ನು ಒಲಿಸಿಕೊಳ್ಳಲು. ಯಾವುದರಲ್ಲಿ ಮಾರ್ಜಿನ್ ಜಾಸ್ತಿಯೋ ಅದೇ ಓಡುತ್ತದೆ. ಮಾರ್ಜಿನ್ ಜಾಸ್ತಿ ಕೊಡಬೇಕು ಅಂದರೆ ಎಂಆರ್‌ಪಿ ಏರಿಸಬೇಕು. ದುಡ್ಡು ಕೊಡುವ ನಿಮ್ಮ ಅವ್ವನನ್ನು ಇದರಲ್ಲಿ ಯಾರೂ ಏನೂ ಕೇಳುವುದಿಲ್ಲ.

ಉಣಕಲ್ ಕೆರೆ ದಂಡೆ

ಕಾಕಾ, ಕೈ ಮುಗಿಯುತ್ತೇನೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಒಂದು ಪ್ರಶ್ನೆ. ಅಂಗಡಿಯವರೇ ಕಡಿಮೆ ರೇಟಿನದು ಯಾಕೆ ಕೊಡುವುದಿಲ್ಲ? ನಾನು ಕೇಳಿದರೆ "ಚೀಟಿಯಲ್ಲಿ ಇರುವುದನ್ನೇ ಕೊಡಬೇಕು" ಎನ್ನುತ್ತಾರೆ.

ಮೆಡಿಕಲ್ ಶಾಪ್ ಕಾಕಾ

ಅವರು ಹೇಳಿದ್ದು ಖರೆ. ಶೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗೆ, ಚೀಟಿಯಲ್ಲಿ ಬರೆದದ್ದರ ಬದಲು ಬೇರೆಯದನ್ನು ಕೊಡುವಂತಿಲ್ಲ ಎಂದು ಔಷಧ ನಿಯಮವೇ ಹೇಳುತ್ತದೆ. ಡಾಕ್ಟರ್ ಔಷಧಿಯ ಮೂಲ ಹೆಸರು ಬರೆದರೆ ನಾನು ಯಾವ ಕಂಪನಿಯದಾದರೂ ಕೊಡಬಹುದು. ಬ್ರ್ಯಾಂಡ್ ಬರೆದರೆ ಕೈ ಕಟ್ಟಿ ಹಾಕಿದಂತೆ. ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ನಮ್ಮವರು ಬೈದರೂ ಪರವಾಗಿಲ್ಲ. ಮೂಲ ಹೆಸರು ಬರೆದರೂ ಬಹಳ ಅಂಗಡಿಯವರು ಮಾರ್ಜಿನ್ ಜಾಸ್ತಿ ಇರುವುದನ್ನೇ ಕೊಡುತ್ತಾರೆ. ಹಾಗಾಗಿ ತಪ್ಪೆಲ್ಲ ಡಾಕ್ಟರದೇ ಅನ್ನಬೇಡಿ.

ಲೈನ್ ಬಜಾರ್ ಪೇಢೆ

ಜನೌಷಧಿ ಗುಳಿಗೆ ಕೆಲಸ ಮಾಡುವುದಿಲ್ಲ. ನಮ್ಮ ಮಾವನವರಿಗೆ ಕೊಟ್ಟು ನೋಡಿದೆವು, ಬಿಪಿ ಇಳಿಯಲೇ ಇಲ್ಲ. ಅಗ್ಗದ ಮಾಲು ಅಗ್ಗದ್ದೇ. ಆರೋಗ್ಯದ ವಿಷಯದಲ್ಲಿ ಪೈಸೆ ನೋಡಬಾರದು.

ಸಪ್ತಾಪುರದ ಮೇಷ್ಟ್ರು

ಪೈಸೆ ನೋಡಬಾರದು ಅಂತ ಹೇಳುವುದು ಪೈಸೆ ಇದ್ದವರಿಗೆ ಸುಲಭ.

ಲೈನ್ ಬಜಾರ್ ಪೇಢೆ

ಮೇಷ್ಟ್ರೇ, ನಾನೇನು ಶ್ರೀಮಂತನಲ್ಲ. ಹೆದರಿಕೆಯಿಂದ ಹೇಳಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತದ್ದು ಮರೆತಿರಾ? ಸರ್ಕಾರವೇ ಟೆಂಡರ್ ಕರೆದು ತಂದ ಸಲೈನ್ ಮೇಲೆ ಅಲ್ವಾ ಸಂಶಯ ಬಂದದ್ದು? ಅಗ್ಗದ ಔಷಧಿ ಅಂದರೆ ನಮ್ಮಂಥವರಿಗೆ ಅದೇ ಕಣ್ಣ ಮುಂದೆ ಬರುತ್ತದೆ.

ವೈದ್ಯ, ಧಾರವಾಡ

ನಾನು ಡಾಕ್ಟರ್. ಎರಡೂ ಕಡೆಯವರ ಕೈಯಲ್ಲಿ ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ಪೇಢೆಯವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಳ್ಳಾರಿಯದು ಆಸ್ಪತ್ರೆ ಪೂರೈಕೆಯ ಸಲೈನ್, ಜನೌಷಧಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಗುಣಮಟ್ಟದ ಪ್ರಶ್ನೆ ಇದ್ದೇ ಇದೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಕಳಪೆ ಎಂದು ಕಂಡುಬಂದ ಬ್ಯಾಚ್‌ಗಳ ಪಟ್ಟಿ ಹಾಕುತ್ತದೆ. ಅದನ್ನು ಓದಿ ನೋಡಿ. ಅದರಲ್ಲಿ ಸಣ್ಣ ಕಂಪನಿಗಳಿರುತ್ತವೆ, ದೊಡ್ಡ ಹೆಸರಿನವೂ ಇರುತ್ತವೆ. ರೇಟು ಜಾಸ್ತಿ ಇದ್ದ ಮಾತ್ರಕ್ಕೆ ಮಾಲು ಒಳ್ಳೆಯದು ಎನ್ನಲು ಆಗುವುದಿಲ್ಲ. ನಿಮ್ಮ ಎಂಆರ್‌ಪಿ ಹೋಗುವುದು ಹೆಸರಿಗೆ, ಪರೀಕ್ಷೆಗೆ ಅಲ್ಲ.

ಸರಿಯಾಗಿ ಕರಗದ ಔಷಧಿಗಳಿಗೆ, ಅಂದರೆ ಹೊಟ್ಟೆಗೆ ಹೋದ ಮೇಲೆ ರಕ್ತಕ್ಕೆ ಸೇರಲು ತೊಡಕಾಗುವಂಥವಕ್ಕೆ, ಮೂಲ ಔಷಧಿಯಷ್ಟೇ ಕೆಲಸ ಮಾಡುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು ಎಂಬ ನಿಯಮ 2017ರಲ್ಲಿ ಬಂತು. ಅದಕ್ಕೂ ಮುಂಚೆ ಲೈಸೆನ್ಸ್ ಪಡೆದ ಹಳೆಯ ಬ್ರ್ಯಾಂಡ್‌ಗಳು ಬೇಕಾದಷ್ಟಿವೆ. ನಾವು ಡಾಕ್ಟರುಗಳು "ನನಗೆ ಗೊತ್ತಿರುವ ಬ್ರ್ಯಾಂಡ್" ಎಂದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಎಲ್ಲರೂ ಕಮಿಷನ್‌ಗೇ ಬರೆಯುತ್ತಾರೆ ಎಂದರೆ ನನಗೆ ನೋವಾಗುತ್ತದೆ. ಯಾರೂ ಬರೆಯುವುದಿಲ್ಲ ಎಂದು ಹೇಳಿದರೆ ನಾನೇ ಸುಳ್ಳುಗಾರನಾಗುತ್ತೇನೆ.

2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತ್ತು. ಎಲ್ಲರೂ ಮೂಲ ಹೆಸರಿನಲ್ಲೇ ಬರೆಯಬೇಕು, ಇಲ್ಲದಿದ್ದರೆ ಶಿಕ್ಷೆ ಎಂದು. ಡಾಕ್ಟರುಗಳ ಸಂಘಗಳು ವಿರೋಧಿಸಿದವು. ಅದೇ ತಿಂಗಳು ತಡೆ ಹಿಡಿದರು. ವಿರೋಧಿಸಿದವರಲ್ಲಿ ನಾನೂ ಇದ್ದೆ, ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಮೊದಲು ಗುಣಮಟ್ಟ ಗಟ್ಟಿ ಮಾಡಿ, ಆಮೇಲೆ ನಮ್ಮ ಕೈ ಹಿಡಿಯಿರಿ.

ಮೆಡಿಕಲ್ ಶಾಪ್ ಕಾಕಾ

ಡಾಕ್ಟರ್ ಸಾಹೇಬರೇ, ಗೌರವದಿಂದಲೇ ಕೇಳುತ್ತೇನೆ. ಗುಣಮಟ್ಟದ ಚಿಂತೆ ಇದ್ದವರು ಬದ್ದಿಯಲ್ಲಿ ಯಾರೋ ಮಾಡಿದ, ಯಾರೂ ಹೆಸರು ಕೇಳದ ಬ್ರ್ಯಾಂಡನ್ನು ಯಾಕೆ ಬರೆಯುತ್ತಾರೆ? ದೊಡ್ಡ ಕಂಪನಿಯದು ಬರೆದರೆ ನಿಮ್ಮ ಮಾತು ಒಪ್ಪುತ್ತೇನೆ. ಕೆಳಗಿನ ಅಂಗಡಿಯಲ್ಲಿ ಮಾತ್ರ ಸಿಗುವುದನ್ನು ಬರೆದರೆ?

ವೈದ್ಯ, ಧಾರವಾಡ

ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅದು ತಪ್ಪು. ಔಷಧ ಕಂಪನಿಗಳು ಡಾಕ್ಟರಿಗೆ ಉಡುಗೊರೆ ಕೊಟ್ಟ ಖರ್ಚನ್ನು ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಉಡುಗೊರೆ, ವಿದೇಶ ಪ್ರವಾಸ ಬೇಡ ಎನ್ನುವ ಸಂಹಿತೆಯೂ ಬಂತು. ಆದರೆ ದೂರು ಬಂದರೆ ವಿಚಾರಣೆ ಮಾಡುವುದು ಕಂಪನಿಗಳ ಸಂಘಗಳೇ. ಎಷ್ಟು ಗಟ್ಟಿ ಎಂದು ನೀವೇ ಯೋಚಿಸಿ.

ಬ್ಯಾಡಗಿ ಹುಡುಗ

ಕಾಕಾ ನಮ್ಮೂರ ಮೆಣಸಿನಕಾಯಿ ಎಳೆದು ತಂದರಲ್ಲ, ಹಾಗಾಗಿ ನಾನೂ ಬರೆಯುತ್ತೇನೆ. ನಮಗೆ ದರ ಬಿದ್ದ ವರ್ಷವೇ ಅಪ್ಪಾಜಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಬರಬೇಕಾಯಿತು. ಖಾಸಗಿ ದವಾಖಾನೆ. ಒಂದೊಂದು ಪಾಳಿಗೂ ನರ್ಸ್ ಚೀಟಿ ಕೊಡುವುದು, ನಾನು ಕೆಳಗೆ ಓಡುವುದು, ಚೀಲ ತುಂಬ ತಂದು ಕೊಡುವುದು. ಇಂಜೆಕ್ಷನ್, ಸಲೈನ್, ಸಿರಿಂಜು, ಕೈಗವಸು, ಹತ್ತಿ. ತಂದದ್ದೆಲ್ಲ ಬಳಸಿದರೋ ಇಲ್ಲವೋ ಹೇಗೆ ಗೊತ್ತಾಗಬೇಕು? ಐಸಿಯು ಒಳಗೆ ಬಿಡುವುದಿಲ್ಲ. ಹೊರಗಿನ ಅಂಗಡಿಯಲ್ಲಿ ಒಂದು ಆ್ಯಂಟಿಬಯೋಟಿಕ್ ಇಂಜೆಕ್ಷನ್ ರೇಟು ಕೇಳಿ ಬಂದೆ, ಬಹಳ ಕಡಿಮೆ ಇತ್ತು. ತರಲೇ ಎಂದರೆ, "ಹೊರಗಿನದಕ್ಕೆ ನಾವು ಜವಾಬ್ದಾರರಲ್ಲ" ಎಂದರು. ಅಪ್ಪ ಒಳಗೆ ಮಲಗಿರುವಾಗ ಆ ಮಾತು ಕೇಳಿ ಯಾವ ಮಗ ವಾದ ಮಾಡುತ್ತಾನೆ? ಸುಮ್ಮನೆ ಕೆಳಗಿಂದಲೇ ತಂದೆ.

ಬಿಪಿಎಲ್ ಕಾರ್ಡ್ ಇತ್ತು. ಅದು ಇಲ್ಲಿ ನಡೆಯುವುದಿಲ್ಲ ಎಂದರು. ಎತ್ತು ಮಾರಲಿಲ್ಲ, ಅಷ್ಟು ಪುಣ್ಯ. ಸಾಲ ಇನ್ನೂ ಇದೆ. ಅಪ್ಪಾಜಿ ಆರಾಮ ಇದ್ದಾರೆ.

ಜುಬಿಲಿ ಸರ್ಕಲ್ ವಕೀಲ್ರು

ಬ್ಯಾಡಗಿ ತಮ್ಮಾ, ಇದು ನಿನ್ನೊಬ್ಬನ ಕಥೆಯಲ್ಲ. 2018ರಲ್ಲಿ ಎನ್‌ಪಿಪಿಎ ದೆಹಲಿ ಕಡೆಯ ನಾಲ್ಕು ದೊಡ್ಡ ಖಾಸಗಿ ಆಸ್ಪತ್ರೆಗಳ ಬಿಲ್ ತೆಗೆದು ನೋಡಿತು. ಕೆಲವು ವಸ್ತುಗಳ ಮೇಲೆ ಲಾಭ ಶೇಕಡಾ 1,737ರವರೆಗೆ ಇತ್ತು. ಆ ವರದಿಯಲ್ಲಿ ಒಂದು ಮಾತು ಬಹಳ ಮುಖ್ಯ. ಲಾಭದ ದೊಡ್ಡ ಪಾಲು ಹೋದದ್ದು ಆಸ್ಪತ್ರೆಗೆ, ಔಷಧಿ ಮಾಡಿದವರಿಗಲ್ಲ. ಆಸ್ಪತ್ರೆ ಸಗಟಿನಲ್ಲಿ ಕೊಳ್ಳುತ್ತದೆ, ಕಂಪನಿಯಿಂದ ಎಂಆರ್‌ಪಿ ಜಾಸ್ತಿ ಹಾಕಿಸುತ್ತದೆ, ತನ್ನ ಅಂಗಡಿಯಲ್ಲೇ ತನ್ನ ರೋಗಿಗೇ ಮಾರುತ್ತದೆ. ಕಾಕಾ ಹೇಳಿದ ಲೆಕ್ಕವೇ, ದೊಡ್ಡ ಪ್ರಮಾಣದಲ್ಲಿ.

ಇಂಥದ್ದೇ ಒಂದು ಅರ್ಜಿ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕು ಎಂದು ಒತ್ತಾಯಿಸುವುದನ್ನು ನಿಲ್ಲಿಸಿ ಎಂದು ಕೇಳಿದ್ದರು. 2025ರ ಮಾರ್ಚಿನಲ್ಲಿ ಕೋರ್ಟು, ಇದು ರಾಜ್ಯ ಸರ್ಕಾರಗಳು ನೀತಿ ಮಾಡಬೇಕಾದ ವಿಷಯ ಎಂದು ಬಿಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಔಷಧಿ ಎಲ್ಲಿ ಕೊಳ್ಳಬೇಕು ಎಂಬ ಆಯ್ಕೆ ರೋಗಿಯದು ಎಂದಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ದವಾಖಾನೆಗಳ ಮೇಲಿನ ಕೆಪಿಎಂಇ ಕಾಯ್ದೆ 2007ರಿಂದ ಇದೆ, ಚಿಕಿತ್ಸೆಯ ದರಪಟ್ಟಿ ಎದುರಿಗೇ ಹಾಕಬೇಕು ಎನ್ನುತ್ತದೆ. 2017ರಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ಡಾಕ್ಟರುಗಳ ಮುಷ್ಕರ ಆಯಿತಲ್ಲ, ಓಪಿಡಿ ಬಂದ್ ಆಗಿದ್ದು ನೆನಪಿರಬಹುದು. ತಿದ್ದುಪಡಿ ಪಾಸಾಯಿತು, ಮೆದುವಾಗಿ.

ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಎಮರ್ಜೆನ್ಸಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮನೆಯಿಂದ ಹೊರಡುವ ಮುಂಚೆಯೇ ಯಾವ ದವಾಖಾನೆ ಪಟ್ಟಿಯಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಎದೆನೋವು ಬಂದಾಗ ಪಟ್ಟಿ ಯಾರು ನೋಡುತ್ತಾರೆ ಎಂದು ಕೇಳಬೇಡಿ, ನನಗೂ ಗೊತ್ತು.

ಉಣಕಲ್ ಕೆರೆ ದಂಡೆ

ವಕೀಲ್ರೇ, ಈ ಕಾರ್ಡಿನಲ್ಲಿ ಅವ್ವನ ತಿಂಗಳ ಗುಳಿಗೆ ಬರುತ್ತವೆಯೇ?

ಜುಬಿಲಿ ಸರ್ಕಲ್ ವಕೀಲ್ರು

ಬರುವುದಿಲ್ಲ. ಅದೇ ದೊಡ್ಡ ಕೊರತೆ. ಅಡ್ಮಿಟ್ ಆಗುವ ಮುಂಚಿನ ಮೂರು ದಿನ, ಡಿಸ್ಚಾರ್ಜ್ ಆದ ಮೇಲಿನ ಹದಿನೈದು ದಿನದ ಔಷಧಿ ಆಯುಷ್ಮಾನ್ ಪ್ಯಾಕೇಜಿನಲ್ಲಿ ಸೇರಿದೆ. ಹದಿನಾರನೇ ದಿನದಿಂದ ನೀವುಂಟು, ಮೆಡಿಕಲ್ ಶಾಪ್ ಉಂಟು. ಸಹಕಾರ ಸಂಘದವರ ಯಶಸ್ವಿನಿ ಯೋಜನೆಯೂ ಆಪರೇಷನ್ನಿಗೆ, ದಿನದ ಗುಳಿಗೆಗಲ್ಲ. ಬಿದ್ದ ಮೇಲೆ ಎತ್ತಲು ಯೋಜನೆಗಳಿವೆ, ಬೀಳದ ಹಾಗೆ ನೋಡಿಕೊಳ್ಳುವ ಗುಳಿಗೆಗೆ ಸ್ವಂತ ಜೇಬು.

ಗದಗ ಸಿಸ್ಟರ್

ವಕೀಲ್ ಸರ್, ಸ್ವಲ್ಪ ತಡೆಯಿರಿ. ಸ್ವಂತ ಜೇಬು ಒಂದೇ ದಾರಿ ಅಲ್ಲ. ನಾನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಶುಗರ್, ಬಿಪಿಗೆ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಇಂಥವು ನಮ್ಮಲ್ಲಿ ಪುಕ್ಕಟೆ. ಕೆರೆ ದಂಡೆ ಅಣ್ಣಾ, ನೀವಿರುವ ಕಡೆ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ದವಾಖಾನೆಗಳೂ ಇವೆ. 2022ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಬಂದು ಆ ಯೋಜನೆಗೆ ಚಾಲನೆ ಕೊಟ್ಟದ್ದು ನಿಮ್ಮ ಹತ್ತಿರದ ಭೈರಿದೇವರಕೊಪ್ಪದಲ್ಲೇ. ಅವ್ವನ ಚೀಟಿಯಲ್ಲಿ ಯಾವುದು ಅಲ್ಲಿ ಸಿಗುತ್ತದೆ ಎಂದು ಒಮ್ಮೆ ತೋರಿಸಿ ಕೇಳಿ.

ಆದರೆ ಪೂರ್ತಿ ಹೊಗಳುವುದಿಲ್ಲ. ಸ್ಟಾಕ್ ಮುಗಿಯುತ್ತದೆ. ಬೇಕಾದ ಔಷಧಿಯ ಬೇಡಿಕೆ ಪಟ್ಟಿ (ಇಂಡೆಂಟ್) ಹಾಕುತ್ತೇವೆ, ಟೆಂಡರ್ ಆಗಬೇಕು, ಮಾಲು ಬರಬೇಕು. ಅಷ್ಟರಲ್ಲಿ ಸುತ್ತೋಲೆ ಮೊದಲು ಬರುತ್ತದೆ: ಹೊರಗಿನಿಂದ ತರಲು ಬರೆದುಕೊಡಬೇಡಿ ಎಂದು. ಗುಳಿಗೆ ಆಮೇಲೆ. ಹೊಲದ ಕೂಲಿ ಬಿಟ್ಟು ಬಸ್ ಹಿಡಿದು ಬಂದ ಮುದುಕಿಗೆ "ಮುಂದಿನ ವಾರ ಬಾ ಆಯಿ" ಎನ್ನಬೇಕಾಗುತ್ತದೆ. ಆಯಿ ಮುಂದಿನ ವಾರ ಬರುವುದಿಲ್ಲ. ಗುಳಿಗೆ ನಿಲ್ಲಿಸಿಬಿಡುತ್ತಾಳೆ. ಲಕ್ವ ಹೊಡೆದ ಮೇಲೆ ಆಂಬುಲೆನ್ಸಿನಲ್ಲಿ ಬರುತ್ತಾಳೆ. ಆಗ ಕಾರ್ಡ್ ಕೆಲಸಕ್ಕೆ ಬರುತ್ತದೆ. ನಾನು ಕಂಡ ಹಾಗೆ ಬಹಳ ಜನ ಬಿಪಿ ಗುಳಿಗೆ ಬಿಡುವುದು ಮರೆತು ಅಲ್ಲ. ಎರಡು ದಿನಕ್ಕೊಮ್ಮೆ ನುಂಗಿ ಸ್ಟ್ರಿಪ್ ಎಳೆಯುತ್ತಾರೆ.

ಸಪ್ತಾಪುರದ ಮೇಷ್ಟ್ರು

ಸಿಸ್ಟರ್ ಹೇಳಿದ್ದನ್ನು ಸರಿಯಾಗಿ ಮಾಡಿದ ರಾಜ್ಯಗಳಿವೆ. ತಮಿಳುನಾಡು 1994ರಲ್ಲಿ ಔಷಧಿ ಖರೀದಿಗೇ ಒಂದು ನಿಗಮ ಮಾಡಿತು. ಮೂಲ ಹೆಸರಿನಲ್ಲಿ ಒಟ್ಟಿಗೆ ಕೊಂಡು, ಪರೀಕ್ಷೆ ಮಾಡಿಸಿ, ಜಿಲ್ಲಾ ಗೋದಾಮಿಗೆ ಕಳಿಸುತ್ತದೆ. ರಾಜಸ್ಥಾನ 2011ರಲ್ಲಿ ಅದೇ ದಾರಿಯಲ್ಲಿ ಪುಕ್ಕಟೆ ಔಷಧಿ ಯೋಜನೆ ಶುರು ಮಾಡಿತು. ನಮ್ಮಲ್ಲೂ ನಿಗಮ ಇದೆ, ಗೋದಾಮಿದೆ. ಗುಳಿಗೆ ಯಾಕೆ ತಡ ಎಂದು ಶಾಸಕರನ್ನು ಯಾರಾದರೂ ಕೇಳಿದ್ದೀರಾ? ರಸ್ತೆ ಗುಂಡಿ ಬಗ್ಗೆ ಕೇಳುತ್ತೇವೆ, ನೀರಿನ ಬಗ್ಗೆ ಕೇಳುತ್ತೇವೆ. ಗುಳಿಗೆ ಬಗ್ಗೆ ಕೇಳುವುದಿಲ್ಲ.

ಇನ್ನೊಂದು ವಿಷಯ. ಔಷಧಿ ತಯಾರಿಸಲು ಅಷ್ಟು ಖರ್ಚು ಎಂದು ಕಂಪನಿಗಳು ಹೇಳುತ್ತವಲ್ಲ, ಅದಕ್ಕೆ ನನಗೆ ನಗು ಬರುತ್ತದೆ. ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ಒಂದಕ್ಕೆ 60 ರೂಪಾಯಿ ಹತ್ತಿರ ಇತ್ತು. 2025ರ ಮಾರ್ಚಿನಲ್ಲಿ ಪೇಟೆಂಟ್, ಅಂದರೆ ಒಂದೇ ಕಂಪನಿ ಮಾಡುವ ಹಕ್ಕು, ಮುಗಿಯಿತು. ಮಾರನೇ ದಿನದಿಂದಲೇ ಭಾರತದ ಕಂಪನಿಗಳು ತಂದವು, ಕೆಲವರದು 10 ರೂಪಾಯಿಗಿಂತ ಕಡಿಮೆ. ಆ 10 ರೂಪಾಯಿಯಲ್ಲೂ ಅವರಿಗೆ ಲಾಭ ಇಲ್ಲದೆ ಇದೆಯೇ? 2012ರಲ್ಲಿ ಇನ್ನೂ ದೊಡ್ಡದು ನಡೆಯಿತು. ಕ್ಯಾನ್ಸರಿನ ನೆಕ್ಸಾವರ್ ತಿಂಗಳಿಗೆ ಸುಮಾರು 2.8 ಲಕ್ಷ ಇತ್ತು. ಪೇಟೆಂಟ್ ಇನ್ನೂ ಇದ್ದಾಗಲೇ ಸರ್ಕಾರ ಕಡ್ಡಾಯ ಪರವಾನಗಿ ಕೊಟ್ಟು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಮಾಡಲು ಬಿಟ್ಟಿತು. ದರ 8,800ಕ್ಕೆ ಬಂತು.

ಮೆಡಿಕಲ್ ಶಾಪ್ ಕಾಕಾ

ಮೇಷ್ಟ್ರೇ, ಇದರಲ್ಲಿ ನಿಮ್ಮ ಜೊತೆ ನಾನು ಪೂರ್ತಿ ಬರುವುದಿಲ್ಲ. ಮೊದಲು ಹೊಸ ಔಷಧಿ ಕಂಡುಹಿಡಿಯುವವರಿಗೆ ಖರ್ಚು ಇದ್ದೇ ಇರುತ್ತದೆ. ನಕಲು ಮಾಡುವವರಿಗೆ ಅದು ಇರುವುದಿಲ್ಲ. ನನ್ನ ಸಿಟ್ಟು ಅವರ ಮೇಲಲ್ಲ. ಪೇಟೆಂಟ್ ಎಂದೋ ಮುಗಿದ, ಎಲ್ಲರೂ ಮಾಡುವ ಗುಳಿಗೆಗೆ ಹೊಸ ಹೆಸರು ಅಂಟಿಸಿ ಐದಾರು ಪಟ್ಟು ಅಚ್ಚು ಹಾಕುತ್ತಾರಲ್ಲ, ಅವರ ಮೇಲೆ. ನಮ್ಮ ಗಿರಾಕಿಗಳ ದುಡ್ಡು ಹೋಗುವುದು ಅಲ್ಲೇ. ಕ್ಯಾನ್ಸರ್ ಔಷಧಿ ಪೇಪರಿನಲ್ಲಿ ಬರುತ್ತದೆ. ಗ್ಯಾಸ್ಟ್ರಿಕ್ ಗುಳಿಗೆ ಬರುವುದಿಲ್ಲ. ದಿನಾ ಮಾರಾಟವಾಗುವುದು ಗ್ಯಾಸ್ಟ್ರಿಕ್ ಗುಳಿಗೆ.

ಟೆಕ್ಸಾಸ್ ಧಾರವಾಡಿ

ಮಾಳಮಡ್ಡಿಯಲ್ಲಿ ಬೆಳೆದವನು, ಈಗ ಅಮೆರಿಕದಲ್ಲಿ. ನೀವು ಅಲ್ಲಿ ನೂರಕ್ಕೆ ಬೈಯುತ್ತಿದ್ದೀರಿ, ಇಲ್ಲಿಯ ಕಥೆ ಕೇಳಿ. ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟನ್ನು 1923ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟರು. ಮುಂದೆ ಬಂದ ಹೊಸ ಬಗೆಯ ಇನ್ಸುಲಿನ್ ಒಂದು ಬಾಟಲಿ 1996ರಲ್ಲಿ 21 ಡಾಲರ್ ಇತ್ತು. ನಾನು ಇಲ್ಲಿಗೆ ಬಂದಾಗ 250 ದಾಟಿತ್ತು. 2023ರಿಂದ ಅರವತ್ತೈದು ದಾಟಿದವರ ಸರ್ಕಾರಿ ವಿಮೆಯಲ್ಲಿ ತಿಂಗಳಿಗೆ 35 ಡಾಲರ್ ಮಿತಿ ಹಾಕಿದರು. ಅದೇ ವರ್ಷ ಕಂಪನಿಗಳೂ ದರ ಇಳಿಸುವುದಾಗಿ ಹೇಳಿದವು. ಇಲ್ಲಿ ವಿಮೆ ಕಂಪನಿ, ಅದಕ್ಕೂ ಔಷಧಿ ಕಂಪನಿಗೂ ನಡುವೆ ಇನ್ನೊಂದು ದಲ್ಲಾಳಿ ಕಂಪನಿ, ಎಲ್ಲರೂ ಇದ್ದಾರೆ. ಊರಿಗೆ ಬಂದಾಗ ನಾನೇ ಹುಬ್ಬಳ್ಳಿಯಲ್ಲಿ ಗುಳಿಗೆ ಕೊಂಡು ಒಯ್ಯುತ್ತೇನೆ.

ಕೇಶ್ವಾಪುರದವ

ಅಮೆರಿಕದಲ್ಲಿ ಇನ್ನೂ ಕೆಟ್ಟದ್ದಿದೆ ಅಂತ ಕೇಳಿ ನಮ್ಮ ಬಿಲ್ ಕಡಿಮೆ ಆಗುವುದಿಲ್ಲ ಅಣ್ಣಾ. 😀 ಜಿಎಸ್‌ಟಿ ಇಳಿಸಿದರಲ್ಲ, ಅದರಿಂದ ಏನಾದರೂ ಫರಕ್ ಆಯಿತೇ?

ಮೆಡಿಕಲ್ ಶಾಪ್ ಕಾಕಾ

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳಿಗೆ ಶೇಕಡಾ 12 ಇದ್ದದ್ದು 5 ಆಯಿತು. ಕೆಲವು ಜೀವರಕ್ಷಕ ಔಷಧಿಗಳಿಗೆ ಸೊನ್ನೆ. ನೂರರ ಸ್ಟ್ರಿಪ್ ತೊಂಬತ್ತನಾಲ್ಕರ ಹತ್ತಿರ ಬರುತ್ತದೆ. ಒಳ್ಳೆಯದೇ. ಆದರೆ ಪಟ್ಟಿಯ ಹೊರಗಿನ ಔಷಧಿಗೆ ಕಂಪನಿ ವರ್ಷಕ್ಕೆ ಶೇಕಡಾ 10 ಏರಿಸಬಹುದು ಎಂದು ಮೇಲೆ ಹೇಳಿದೆನಲ್ಲ. ಒಂದೇ ಏಟಿಗೆ ಆ ಆರು ರೂಪಾಯಿ ನುಂಗಿ ನೀರು ಕುಡಿಯುತ್ತದೆ. ಪಟ್ಟಿಯ ಒಳಗಿನದೂ ಸಗಟು ಬೆಲೆ ಸೂಚ್ಯಂಕದ ಜೊತೆ ಏರುತ್ತದೆ. 2022ರಲ್ಲಿ ಶೇಕಡಾ 10.76, 2023ರಲ್ಲಿ 12.12 ಏರಿತ್ತು. ಆಗ ಯಾರೂ ಮೆರವಣಿಗೆ ಮಾಡಲಿಲ್ಲ.

ಲೈನ್ ಬಜಾರ್ ಪೇಢೆ

ಜನೌಷಧಿ ಬಗ್ಗೆ ನನ್ನ ಸಂಶಯಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ಅದೂ ಸರ್ಕಾರದ್ದೇ. ಆದರೆ 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೇ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಅಂಗಡಿ ಮುಚ್ಚಿ ಎಂದಿತಲ್ಲ, ಯಾಕೆ? ಗುಣಮಟ್ಟ ಸರಿಯಿಲ್ಲ ಅಂತಲೇ ಅಲ್ವಾ?

ಗದಗ ಸಿಸ್ಟರ್

ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಕೊಡಬೇಕು, ಅಲ್ಲೇ ದುಡ್ಡಿನ ಅಂಗಡಿ ಯಾಕೆ ಎಂಬುದು ಸರ್ಕಾರ ಕೊಟ್ಟ ಕಾರಣ. ಕಾಗದದ ಮೇಲೆ ಸರಿಯೇ. ಪುಕ್ಕಟೆ ಗುಳಿಗೆ ಯಾವಾಗಲೂ ಇದ್ದರೆ ನಾನೂ ಒಪ್ಪುತ್ತೇನೆ. ಅಂಗಡಿಯವರು ಹೈಕೋರ್ಟಿಗೆ ಹೋಗಿ ತಡೆ ತಂದರು. ಆವರಣದ ಹೊರಗಿನ ಅಂಗಡಿಗಳಿಗೆ ಆ ಆದೇಶ ಸಂಬಂಧವೇ ಇರಲಿಲ್ಲ.

ವೈದ್ಯ, ಧಾರವಾಡ

ಪೇಢೆಯವರೇ, ನಿಮ್ಮ ಮಾವನವರ ಬಿಪಿ ಇಳಿಯದಿರಲು ಗುಳಿಗೆಯೇ ಕಾರಣ ಎಂದು ಹೇಳಲು ನನಗೆ ಇಷ್ಟು ಸಾಲದು. ಹೊಸ ಗುಳಿಗೆ ಶುರು ಮಾಡಿದ ಮೇಲೆ ಎರಡು ಮೂರು ವಾರ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಪ್ರಮಾಣ ಬದಲಿಸಬೇಕಾಗಬಹುದು. ನನ್ನ ರೋಗಿಗಳಲ್ಲಿ ಜನೌಷಧಿ ತೆಗೆದುಕೊಂಡು ಶುಗರ್ ಹತೋಟಿಯಲ್ಲಿ ಇಟ್ಟವರು ಬಹಳ ಇದ್ದಾರೆ. ಸಿಟಾಗ್ಲಿಪ್ಟಿನ್ 50 ಮಿಲಿಗ್ರಾಂ ಹತ್ತು ಗುಳಿಗೆ 2022ರಲ್ಲಿ ಅಲ್ಲಿ 60 ರೂಪಾಯಿಗೆ ಬಂತು. ಅದನ್ನು ನಾನೇ ಬರೆಯುತ್ತೇನೆ.

ಒಂದು ಎಚ್ಚರಿಕೆ. ಮೂರ್ಛೆರೋಗದ ಗುಳಿಗೆ, ಥೈರಾಯ್ಡ್ ಗುಳಿಗೆ, ರಕ್ತ ತೆಳು ಮಾಡುವ ವಾರ್ಫರಿನ್, ಇವನ್ನು ಕೇಳದೆ ಬದಲಿಸಬೇಡಿ. ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ತೊಂದರೆ. ಒಂದು ಬ್ರ್ಯಾಂಡ್ ಹಿಡಿದರೆ ಅದರಲ್ಲೇ ಇರಿ.

ಉಣಕಲ್ ಕೆರೆ ದಂಡೆ

ಎಲ್ಲರ ಮಾತು ಓದಿ ಅವ್ವನನ್ನು ಮತ್ತೆ ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಿಗೆ ಜಗಳದ ದನಿಯಲ್ಲಿ ಅಲ್ಲ, ಮೆಲ್ಲಗೇ ಕೇಳಿದೆ: "ಸರ್, ತಿಂಗಳಿಗೆ ಇಷ್ಟು ನಮಗೆ ಆಗುತ್ತಿಲ್ಲ. ಮೂಲ ಹೆಸರು ಬರೆದುಕೊಡುತ್ತೀರಾ?" ಒಂದು ಕ್ಷಣ ಸುಮ್ಮನಾದರು. ಆಮೇಲೆ ಬಿಪಿ, ಕೊಲೆಸ್ಟ್ರಾಲ್ ಗುಳಿಗೆಯ ಮೂಲ ಹೆಸರು ಬರೆದರು. ಶುಗರಿನ ಕಾಂಬಿನೇಷನ್ನನ್ನು ಬಿಡಿಸಿ ಎರಡು ಬೇರೆ ಬೇರೆ ಗುಳಿಗೆ ಮಾಡಿದರು. ಹೃದಯದ್ದು ಮಾತ್ರ "ಇದು ಇದೇ ಇರಲಿ" ಎಂದರು. ಆ "ಇದೇ" ಕೆಳಗಿನ ಅಂಗಡಿಯಲ್ಲೇ ಸಿಗುವುದು. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಅವ್ವ ಹೊರಗೆ ಬಂದ ಮೇಲೆ ನನಗೇ ಬೈದಳು, "ಡಾಕ್ಟರಿಗೆ ಹಾಗೆಲ್ಲ ಕೇಳ್ತಾರೇನು?" ಎಂದು.

ಮೆಡಿಕಲ್ ಶಾಪ್ ಕಾಕಾ

ಅರ್ಧ ಕೆಲಸ ಆಯಿತು, ಸಣ್ಣದಲ್ಲ. ಇನ್ನು ಮೂರು ಮಾತು. ಎನ್‌ಪಿಪಿಎಯ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಔಷಧಿ ಹೆಸರು ಹಾಕಿದರೆ ಬೇರೆ ಬೇರೆ ಕಂಪನಿಗಳ ದರ ಕಾಣುತ್ತದೆ. ಗರಿಷ್ಠ ದರ ಮೀರಿದ್ದರೆ ದೂರು ಕೊಡಲು ಬಿಲ್ ಬೇಕು, ಹಾಗಾಗಿ ಬಿಲ್ ಇಲ್ಲದೆ ಕೊಳ್ಳಬೇಡ. ಅಂಗಡಿಯವನು "ಬಿಲ್ ಬೇಡ ಅಂದರೆ ಇಷ್ಟಕ್ಕೆ ಕೊಡುತ್ತೇನೆ" ಎಂದರೆ ಬೇರೆ ಅಂಗಡಿ ನೋಡು. ಆ ಹೃದಯದ ಗುಳಿಗೆಯ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಇಲ್ಲಿ ಬರೆ, ಬ್ರ್ಯಾಂಡ್ ಬೇಡ, ಮೂಲ ಹೆಸರು ಸಾಕು. ಪಟ್ಟಿಯ ಒಳಗಿದೆಯೋ ಹೊರಗಿದೆಯೋ ನೋಡಿ ಹೇಳುತ್ತೇನೆ.

ಉಣಕಲ್ ಕೆರೆ ದಂಡೆ

ಮೂರು ಔಷಧಿ ಸೇರಿಸಿದ್ದು ಕಾಕಾ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್.

ಮೆಡಿಕಲ್ ಶಾಪ್ ಕಾಕಾ

ಮೂರೂ ಬಿಡಿ ಬಿಡಿಯಾಗಿ ಪಟ್ಟಿಯಲ್ಲಿವೆ. ಕೊಲೆಸ್ಟ್ರಾಲಿಗೆ ಬೇರೆ ಗುಳಿಗೆ ಬರೆದರು ಎಂದೆಯಲ್ಲ, ಅದರ ಹೆಸರೇನು?

ಉಣಕಲ್ ಕೆರೆ ದಂಡೆ

ಅದೂ ಅಟೊರ್ವಾಸ್ಟಾಟಿನ್.

ವೈದ್ಯ, ಧಾರವಾಡ

ಎರಡರಲ್ಲೂ ಒಂದೇ ಔಷಧಿ ಬಂದಿದೆ. ಡಾಕ್ಟರ್ ಬೇಕೆಂದೇ ಪ್ರಮಾಣ ಹೆಚ್ಚಿಸಲು ಬರೆದಿರಬಹುದು, ಕಣ್ತಪ್ಪಿಯೂ ಆಗಿರಬಹುದು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆಯೇ ಎರಡೂ ಸ್ಟ್ರಿಪ್ ತೆಗೆದುಕೊಂಡು ಅವರ ಹತ್ತಿರ ಹೋಗಿ. ಹೋಗುವಾಗ ಮೂರನ್ನೂ ಬಿಡಿಯಾಗಿ ಬರೆದುಕೊಡಲು ಆಗುತ್ತದೆಯೇ ಎಂದೂ ಕೇಳಿ.